ಡೌನ್‌ಹಿಲ್ ಸ್ಕೀ ಸ್ಪರ್ಧೆ: ಹಾದಿಯ ಸುರಕ್ಷತೆ ಹಾಗೂ ಡಿಕ್ಕಿ ಅಪಘಾತಗಳು – ಒಂದು ವಿಶ್ಲೇಷಣೆ

ದಕ್ಷಿಣ ಅಮೆರಿಕದ ಚಿಲಿ ದೇಶದ ಲಾ ಪಾರ್ವಾ ಎಂಬ ಪರ್ವತ ಪ್ರದೇಶದಲ್ಲಿ 2025ರ ಸೆಪ್ಟೆಂಬರ್ 13ರಂದು ತರಬೇತಿಯಲ್ಲಿ ನಿರತರಾಗಿದ್ದ ಇಟಲಿಯ ಸ್ಕೀ ಪಟು ಮಟ್ಟೆಯೊ ಫ್ರಾಂಜೋಸೊ ಅವರು ನೆಗೆತವೊಂದರ ಬಳಿ ಆಯತಪ್ಪಿ, ಎರಡು ಸಾಲು ರಕ್ಷಣಾ ಬಲೆಗಳನ್ನು ದಾಟಿ, ಹಾದಿಯಿಂದ ಆರೇಳು ಮೀಟರ್ ಆಚೆಗಿದ್ದ ಮರದ ಬೇಲಿಗೆ ಅಪ್ಪಳಿಸಿದರು. ತಲೆಗೆ ತೀವ್ರವಾದ ಪೆಟ್ಟು ಬಿದ್ದಿದ್ದ ಅವರು ಸೆಪ್ಟೆಂಬರ್ 15ರಂದು ಸ್ಯಾಂಟಿಯಾಗೊ ನಗರದ ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ಮರುದಿನ ಅವರಿಗೆ 26 ವರ್ಷ ತುಂಬಬೇಕಾಗಿತ್ತು. ಇದಕ್ಕೆ ಒಂದು ವರ್ಷವೂ ಹಿಂದಲ್ಲದ 2024ರ ಅಕ್ಟೋಬರ್‌ನಲ್ಲಿ, ಅದೇ ಇಟಲಿಯ 19 ವರ್ಷ ವಯಸ್ಸಿನ ಮಟಿಲ್ಡೆ ಲೊರೆಂಜಿ ಅವರು ವಾಲ್ ಸೆನಾಲೆಸ್ ಹಿಮನದಿಯ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಬಿದ್ದು ಮೃತಪಟ್ಟಿದ್ದರು.

ಈ ಎರಡೂ ಸಾವುಗಳು ಸ್ಪರ್ಧೆಯ ದಿನ ಸಂಭವಿಸಿದವುಗಳಲ್ಲ ಎಂಬುದು ಗಮನಾರ್ಹ. ದೂರದರ್ಶನದ ಕ್ಯಾಮೆರಾಗಳು, ಸಹಸ್ರಾರು ಪ್ರೇಕ್ಷಕರು, ಸಿದ್ಧವಾಗಿ ನಿಂತ ಹೆಲಿಕಾಪ್ಟರ್, ಹಾದಿಯುದ್ದಕ್ಕೂ ನಿಯೋಜಿತರಾದ ಅಧಿಕಾರಿಗಳು – ಇವು ಯಾವುವೂ ಇಲ್ಲದ ಒಂದು ಸಾಮಾನ್ಯ ಅಭ್ಯಾಸದ ದಿನ ಇವು ಸಂಭವಿಸಿವೆ. ಸ್ಪರ್ಧೆಯ ದಿನದ ಸುರಕ್ಷತೆಯನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ನಿಯಮಗಳು ರೂಪುಗೊಂಡಿದ್ದು, ಅವುಗಳ ಫಲವೂ ಕಂಡುಬಂದಿದೆ. ಆದರೆ ಅದೇ ಪಟುಗಳು ಅದೇ ವೇಗದಲ್ಲಿ ಇಳಿಯುವ ಅಭ್ಯಾಸದ ಹಾದಿಗಳಿಗೆ ಆ ರಕ್ಷಣೆ ಇನ್ನೂ ಪೂರ್ಣವಾಗಿ ತಲುಪಿಲ್ಲ. ಹಿಮ ಕಾಣದ ನಾಡಿನ ಓದುಗರಿಗೆ ವಿಷಯವು ದೂರದ್ದೆಂದು ತೋರಬಹುದಾದರೂ, ಗುಲ್‌ಮಾರ್ಗ್, ಔಲಿ ಮೊದಲಾದ ಕಡೆಗಳಲ್ಲಿ ಸ್ಕೀ ತರಬೇತಿಗಾಗಿ ಅರ್ಜಿ ಸಲ್ಲಿಸುವವರಿಗೆ ಹಾಗೂ ಅವರ ಪೋಷಕರಿಗೆ ಇದರ ತಿಳಿವಳಿಕೆ ಅಗತ್ಯವಾಗಿರುತ್ತದೆ.

ಸ್ಪರ್ಧೆಯ ಸ್ವರೂಪ

ಆಲ್ಪೈನ್ ಸ್ಕೀ ಸ್ಪರ್ಧೆಗಳಲ್ಲಿ ಡೌನ್‌ಹಿಲ್ ಎಂಬುದು ಅತ್ಯಂತ ವೇಗದ ಪ್ರಕಾರ. ಪುರುಷರ ವಿಶ್ವಕಪ್ ಸ್ಪರ್ಧೆಯಲ್ಲಿ ಆರಂಭಸ್ಥಾನಕ್ಕೂ ಅಂತಿಮ ಗೆರೆಗೂ ನಡುವೆ ಸಾಮಾನ್ಯವಾಗಿ 800ರಿಂದ 1,100 ಮೀಟರ್‌ಗಳಷ್ಟು ಎತ್ತರದ ವ್ಯತ್ಯಾಸವಿರುತ್ತದೆ. ಸ್ವಿಟ್ಜರ್ಲೆಂಡಿನ ವೆಂಗೆನ್‌ನಲ್ಲಿ 1930ರಿಂದ ನಡೆದುಬಂದಿರುವ ಲೌಬರ್‌ಹಾರ್ನ್ ಸ್ಪರ್ಧೆಯ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದವಿದ್ದು, ಇಡೀ ಇಳಿತವು ಎರಡೂವರೆ ನಿಮಿಷಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಇದೇ ಹಾದಿಯ ನೇರ ಭಾಗವೊಂದರಲ್ಲಿ 2013ರಲ್ಲಿ ಫ್ರಾನ್ಸಿನ ಯೊಹಾನ್ ಕ್ಲಾರೆ ಅವರು ಗಂಟೆಗೆ 161.9 ಕಿಲೋಮೀಟರ್ ವೇಗ ತಲುಪಿದ್ದು ದಾಖಲಾಗಿದೆ.

ವೇಗದ ಅರ್ಥವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಆ ವೇಗದಲ್ಲಿ ಸ್ಥಿರವಾದ ವಸ್ತುವಿಗೆ ಬಡಿಯುವುದು ಸುಮಾರು 39 ಮೀಟರ್ ಎತ್ತರದಿಂದ, ಅಂದರೆ ಹನ್ನೆರಡು–ಹದಿಮೂರು ಅಂತಸ್ತಿನ ಕಟ್ಟಡದ ಮೇಲಿನಿಂದ, ನೆಲಕ್ಕೆ ಬೀಳುವುದಕ್ಕೆ ಸಮಾನ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ದಿಬ್ಬದ ಮರೆಯಿಂದ ಹೊರಬಂದ ಪಟುವಿಗೆ 60 ಮೀಟರ್ ದೂರದಲ್ಲಿ ಹಾದಿಯ ಮೇಲೆ ಮನುಷ್ಯನೊಬ್ಬ ಕಂಡನೆಂದು ಭಾವಿಸಿದರೆ, ಕಂಡು, ಗ್ರಹಿಸಿ, ಪಕ್ಕಕ್ಕೆ ಸರಿಯಲು ಆತನಿಗೆ ದೊರೆಯುವ ಕಾಲ ಎರಡು ಸೆಕೆಂಡುಗಳಿಗಿಂತ ಸ್ವಲ್ಪವೇ ಹೆಚ್ಚು. ಸ್ಕೀ ಪಟುವಿಗೆ ಬ್ರೇಕ್ ಎಂಬುದಿಲ್ಲ. ಸ್ಕೀಗಳನ್ನು ಅಡ್ಡಲಾಗಿ ತಿರುಗಿಸಿಯೇ ವೇಗ ತಗ್ಗಿಸಬೇಕು. ಅದಕ್ಕೆ ಜಾಗವೂ ಬೇಕು, ಸಮಯವೂ ಬೇಕು.

ಸ್ಪರ್ಧೆಯ ದಿನದ ವ್ಯವಸ್ಥೆ

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 1924ರಲ್ಲಿ ಸ್ಥಾಪಿತವಾದ ಸಂಸ್ಥೆ. ಅದರ ನಿಯಮಗಳ ಪ್ರಕಾರ ಯಾವುದೇ ಹಾದಿಯಲ್ಲಿ ಅಧಿಕೃತ ಡೌನ್‌ಹಿಲ್ ಸ್ಪರ್ಧೆ ನಡೆಸುವ ಮುನ್ನ ಆ ಹಾದಿಯನ್ನು ತಜ್ಞರು ಪರಿಶೀಲಿಸಿ ಮಾನ್ಯತೆ ನೀಡಿರಬೇಕು. ಪಟು ಜಾರಿಬಿದ್ದಲ್ಲಿ ಎತ್ತ ಸಾಗಬಹುದು, ಅತ್ತ ಮರ, ಬಂಡೆ, ಕಂಬಗಳಿವೆಯೇ, ಬಿದ್ದವರು ತಾನಾಗಿಯೇ ನಿಲ್ಲುವಷ್ಟು ತೆರವು ಜಾಗವಿದೆಯೇ ಎಂಬುದನ್ನು ಮೊದಲೇ ನೋಡಲಾಗುತ್ತದೆ. ಜಾಗವಿಲ್ಲದ ಕಡೆ ಬಲೆಗಳನ್ನು ಕಟ್ಟಲಾಗುತ್ತದೆ. ಈ ಬಲೆಗಳಲ್ಲಿ ಎರಡು ಮುಖ್ಯ ವಿಧಗಳಿವೆ. ಅತಿ ಅಪಾಯದ ತಿರುವುಗಳಲ್ಲಿ ಕಂಬ ಹಾಗೂ ಉಕ್ಕಿನ ಹಗ್ಗಗಳಿಂದ ತೂಗುಬಿಟ್ಟ ಎತ್ತರದ ಬಲೆಗಳು ‘ಎ’ ಬಲೆಗಳು. ಬಾಗುವ ಗಳುಗಳನ್ನು ಹಿಮದಲ್ಲಿ ನೆಟ್ಟು, ಒಂದರ ಹಿಂದೆ ಒಂದರಂತೆ ಸಾಲು ಸಾಲಾಗಿ ಕಟ್ಟುವ ಸುಮಾರು ಎರಡು ಮೀಟರ್ ಎತ್ತರದವು ‘ಬಿ’ ಬಲೆಗಳು. ಮೊದಲ ಸಾಲು ಕಿತ್ತುಬಂದರೂ ಅದು ಪಟುವಿನ ವೇಗವನ್ನು ಕುಗ್ಗಿಸುತ್ತದೆ. ಎರಡನೆಯದು, ಮೂರನೆಯದು ಉಳಿದ ವೇಗವನ್ನು ಹೀರಬೇಕು. ಅಂದರೆ ‘ಬಿ’ ಬಲೆಯ ಶಕ್ತಿ ಅದರ ಗಟ್ಟಿತನದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸಾಲುಗಳ ಸಂಖ್ಯೆಯಲ್ಲಿ ಹಾಗೂ ಅವುಗಳ ನಡುವಿನ ಅಂತರದಲ್ಲಿದೆ.

ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. 1991ರ ಜನವರಿಯಲ್ಲಿ ವೆಂಗೆನ್‌ನ ಅರ್ಹತಾ ಸುತ್ತಿನಲ್ಲಿ ಆಸ್ಟ್ರಿಯಾದ 20 ವರ್ಷದ ಗೆರ್ನಾಟ್ ರೈನ್‌ಸ್ಟಾಡ್ಲರ್ ಅವರ ಸ್ಕೀ, ಅಂತಿಮ ಗೆರೆಯ ಬಳಿ ರಕ್ಷಣೆಗೆಂದೇ ಕಟ್ಟಿದ್ದ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತು. ದೇಹ ಮುಂದಕ್ಕೆ ಸಾಗಿತು, ಕಾಲು ಹಿಂದೆ ಉಳಿಯಿತು. ತೀವ್ರ ರಕ್ತಸ್ರಾವದಿಂದ ಅವರು ಮೃತಪಟ್ಟರು. ಆ ವರ್ಷದ ಸ್ಪರ್ಧೆಯನ್ನು ರದ್ದುಪಡಿಸಲಾಯಿತು. ಕಾಪಾಡಬೇಕಾದ ಬಲೆಯೇ ಪ್ರಾಣ ತೆಗೆದ ಈ ಘಟನೆಯಿಂದಾಗಿ, ಬಲೆಯ ಮುಂಭಾಗಕ್ಕೆ ಸ್ಕೀ ಸಿಕ್ಕಿಕೊಳ್ಳದಂತಹ ನುಣುಪಾದ ಹೊದಿಕೆ ಹಾಕುವ ಪದ್ಧತಿ ಬಲಗೊಂಡಿತು. ಮೂರು ವರ್ಷಗಳ ಅನಂತರ, 1994ರ ಜನವರಿ 29ರಂದು, ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ ನಡೆದ ಮಹಿಳಾ ಡೌನ್‌ಹಿಲ್ ಸ್ಪರ್ಧೆಯಲ್ಲಿ ಎರಡು ಬಾರಿಯ ವಿಶ್ವ ಚಾಂಪಿಯನ್ ಉಲ್ರಿಕೆ ಮೈಯರ್ ಅವರು ಬಿದ್ದು ಕುತ್ತಿಗೆ ಮುರಿದು ನಿಧನರಾದರು. ಹಾದಿಯ ಅಂಚಿನಲ್ಲಿ ನೆಟ್ಟಿದ್ದ, ಸಮಯ ಅಳೆಯುವ ಉಪಕರಣದ ಕಂಬದ ವಿಷಯ ಅಂದು ದೊಡ್ಡ ವಿವಾದಕ್ಕೆ ಎಡೆಮಾಡಿತು. ಕೇವಲ ಅನುಕೂಲಕ್ಕಾಗಿ ಇಟ್ಟ ಒಂದು ಸಣ್ಣ ವಸ್ತುವೂ ಈ ವೇಗದಲ್ಲಿ ಗೋಡೆಗೆ ಸಮನಾಗಬಲ್ಲದು ಎಂಬ ಎಚ್ಚರ ಸಂಘಟಕರಲ್ಲಿ ಮೂಡಿದ್ದು ಆ ನಂತರವೇ.

ಬಲೆಗಳಷ್ಟೇ ಮುಖ್ಯವಾದ ಮತ್ತೊಂದು ವ್ಯವಸ್ಥೆಯಿದೆ. ಅದು ಪ್ರೇಕ್ಷಕರಿಗೆ ಅಷ್ಟಾಗಿ ಕಾಣುವುದಿಲ್ಲ. ಡೌನ್‌ಹಿಲ್ ಸ್ಪರ್ಧೆಯಲ್ಲಿ ಪಟುಗಳು ಒಬ್ಬರ ನಂತರ ಒಬ್ಬರು, ನಿಗದಿತ ಅಂತರದಲ್ಲಿ ಹೊರಡುತ್ತಾರೆ. ಮುಂದಿನವರು ಬಿದ್ದಿರುವಾಗ ಹಿಂದಿನವರನ್ನು ಬಿಡಕೂಡದು. ಇದಕ್ಕಾಗಿ ಹಾದಿಯುದ್ದಕ್ಕೂ ಇರುವ ಅಧಿಕಾರಿಗಳು ಒಂದೇ ವೈರ್‌ಲೆಸ್ ತರಂಗದಲ್ಲಿ ಆರಂಭಸ್ಥಾನದೊಂದಿಗೆ ಸಂಪರ್ಕದಲ್ಲಿರುತ್ತಾರೆ. ಯಾರಾದರೂ ‘ನಿಲ್ಲಿಸಿ’ ಎಂದು ಸೂಚಿಸಿದೊಡನೆ ಆರಂಭಸ್ಥಾನದ ಅಧಿಕಾರಿಯು ಅದನ್ನು ದೃಢಪಡಿಸಿ ಮುಂದಿನ ಪಟುವನ್ನು ತಡೆಯಬೇಕು. ಆ ವೇಳೆಗಾಗಲೇ ಹೊರಟಿರುವ ಪಟುವಿಗೆ ಹಳದಿ ಬಾವುಟ ಬೀಸಲಾಗುತ್ತದೆ. ಹಳದಿ ಬಾವುಟ ಕಂಡ ಪಟು ತಕ್ಷಣ ನಿಲ್ಲಲೇಬೇಕು. ಹಾಗೆ ನಿಂತವರಿಗೆ ಮತ್ತೊಮ್ಮೆ ಇಳಿಯುವ ಹಕ್ಕಿದೆ. ನಿಂತವರಿಗೆ ನಷ್ಟವಾಗದಂತೆ ನಿಯಮವನ್ನು ರಚಿಸಿರುವುದು ವಿವೇಕದ ಕ್ರಮ. ಇಲ್ಲವಾದಲ್ಲಿ ಬಾವುಟವನ್ನು ಕಂಡೂ ಕಾಣದಂತೆ ಸಾಗುವ ಆಸೆ ಸಹಜವಾಗಿ ಹುಟ್ಟುತ್ತಿತ್ತು.

ನಮ್ಮ ರೈಲ್ವೆಯ ಏಕಮಾರ್ಗದ ನಿಲ್ದಾಣಗಳಲ್ಲಿ ‘ಲೈನ್ ಕ್ಲಿಯರ್’ ದೊರೆಯದೆ ಗಾಡಿಯನ್ನು ಬಿಡುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಮುಂದಿನ ನಿಲ್ದಾಣದ ಮಾಸ್ತರರು ‘ಹಾದಿ ತೆರವಾಗಿದೆ’ ಎಂದು ಹೇಳಿದ ಮೇಲೆಯೇ ಈ ನಿಲ್ದಾಣದಿಂದ ಗಾಡಿ ಕದಲಬೇಕು. ಡೌನ್‌ಹಿಲ್ ಸ್ಪರ್ಧೆಯ ವ್ಯವಸ್ಥೆಯೂ ತತ್ತ್ವದಲ್ಲಿ ಇದೇ ಆಗಿದೆ. ಡಿಕ್ಕಿ ಅಪಘಾತಗಳು ಸಂಭವಿಸಿರುವುದು ಬಹುಮಟ್ಟಿಗೆ ಈ ‘ಲೈನ್ ಕ್ಲಿಯರ್’ ಇಲ್ಲದ ಅಥವಾ ಅದನ್ನು ತಪ್ಪಾಗಿ ಅರ್ಥಮಾಡಿಕೊಂಡ ಸಂದರ್ಭಗಳಲ್ಲಿ.

ಹಾದಿಯಲ್ಲಿ ಮತ್ತೊಬ್ಬರು ಇದ್ದಾಗ

ಇಂತಹ ಅಪಘಾತಗಳ ಪೈಕಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದದ್ದು 2001ರ ಅಕ್ಟೋಬರ್ 29ರಂದು ಆಸ್ಟ್ರಿಯಾದ ಪಿಟ್ಜ್‌ಟಾಲ್ ಹಿಮನದಿಯ ಮೇಲೆ ನಡೆದ ದುರಂತ. ಫ್ರಾನ್ಸಿನ ರೆಜಿನ್ ಕವಾನ್ಯು ಅವರು ಅದೇ ವರ್ಷ ಸೇಂಟ್ ಆಂಟನ್‌ನಲ್ಲಿ ಸೂಪರ್-ಜಿ ವಿಶ್ವ ಚಾಂಪಿಯನ್ ಆಗಿದ್ದರು. ಆ ಋತುವಿನ ಸೂಪರ್-ಜಿ ವಿಶ್ವಕಪ್ ಸಹ ಅವರದೇ ಆಗಿತ್ತು. ಸೂಪರ್-ಜಿ ಎಂಬುದು ಡೌನ್‌ಹಿಲ್‌ಗೆ ಸಮೀಪದ, ತಿರುವುಗಳು ತುಸು ಹೆಚ್ಚಿರುವ ಮತ್ತೊಂದು ವೇಗದ ಪ್ರಕಾರ. ಹೊಸ ಋತುವಿನ ಸಿದ್ಧತೆಗಾಗಿ ಫ್ರಾನ್ಸ್ ಹಾಗೂ ಜರ್ಮನಿಯ ತಂಡಗಳು ಆ ದಿನ ಒಂದೇ ಹಿಮನದಿಯಲ್ಲಿ ಅಭ್ಯಾಸ ನಡೆಸುತ್ತಿದ್ದವು. ಕವಾನ್ಯು ಅವರು ವೇಗವಾಗಿ ಇಳಿದು ಬರುತ್ತಿದ್ದಾಗ ಜರ್ಮನ್ ತಂಡದ ತರಬೇತುದಾರರೊಬ್ಬರು ಅವರ ಹಾದಿಯಲ್ಲಿದ್ದರು. ಇಬ್ಬರೂ ಪರಸ್ಪರ ಅಪ್ಪಳಿಸಿದರು. ತರಬೇತುದಾರರು ತೀವ್ರವಾಗಿ ಗಾಯಗೊಂಡು ಬದುಕುಳಿದರು. 31 ವರ್ಷದ ಕವಾನ್ಯು ಅವರು ತಲೆಗೆ ಬಿದ್ದ ಪೆಟ್ಟಿನಿಂದಾಗಿ ಎರಡು ದಿನಗಳ ನಂತರ, ಅಕ್ಟೋಬರ್ 31ರಂದು, ಇನ್ಸ್‌ಬ್ರುಕ್‌ನಲ್ಲಿ ಕೊನೆಯುಸಿರೆಳೆದರು.

ಈ ಘಟನೆಯಲ್ಲಿ ಹಾದಿಯ ಕಡಿದಾದ ಸ್ವರೂಪವಾಗಲಿ, ಹಿಮದ ಗುಣವಾಗಲಿ, ಪಟುವಿನ ಕೌಶಲವಾಗಲಿ ಕಾರಣವಾಗಿರಲಿಲ್ಲ. ಬಲೆಗಳ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ. ಏಕೆಂದರೆ ಬಲೆಯಿರುವುದು ಹಾದಿಯಿಂದ ಹೊರಹೋಗುವವರಿಗಾಗಿ, ಹಾದಿಯೊಳಗೆ ಇರುವವರಿಗಾಗಿ ಅಲ್ಲ. ಲೋಪವಿದ್ದುದು ಒಂದು ತಂಡದ ಸಂಕೇತ ಮತ್ತೊಂದು ತಂಡಕ್ಕೆ ತಲುಪುವ ವ್ಯವಸ್ಥೆಯಲ್ಲಿ. ಒಂದು ತಂಡದೊಳಗೆ ಎಲ್ಲರ ವೈರ್‌ಲೆಸ್ ಒಂದೇ ತರಂಗದಲ್ಲಿರುತ್ತದೆ, ಎಲ್ಲರ ಭಾಷೆಯೂ ಒಂದೇ ಆಗಿರುತ್ತದೆ. ಎರಡು ತಂಡಗಳು ಒಂದೆಡೆ ಸೇರಿದಾಗ ಭಾಷೆ ಎರಡು, ತರಂಗ ಎರಡು, ‘ಹಾದಿ ತೆರವಾಗಿದೆ’ ಎಂದು ಹೇಳುವ ಬಾಯಿಗಳೂ ಎರಡು. ಸ್ಪರ್ಧೆಯ ದಿನ ಇವೆಲ್ಲದರ ಮೇಲೆ ತೀರ್ಪುಗಾರರ ಮಂಡಳಿಯೊಂದು ಇರುತ್ತದೆ. ಅಭ್ಯಾಸದ ದಿನ ಅಂತಹ ಮೇಲಿನ ಅಧಿಕಾರ ಯಾರದ್ದೆಂಬುದೇ ಅನೇಕ ಬಾರಿ ನಿಶ್ಚಿತವಾಗಿರುವುದಿಲ್ಲ.

ಹಾದಿಯ ಮೇಲಿನ ಜನರಿಂದಾಗಿ ಉಂಟಾದ ಅನಾಹುತಕ್ಕೆ ಇನ್ನೂ ಹಳೆಯ ನಿದರ್ಶನವಿದೆ. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ ಕ್ರೀಡೆಗಳ ಉದ್ಘಾಟನೆಗೆ ಕೆಲವೇ ದಿನಗಳ ಮುನ್ನ, ಪಾಟ್ಷರ್‌ಕೋಫೆಲ್ ಬೆಟ್ಟದಲ್ಲಿ ಅಭ್ಯಾಸ ಮಾಡುತ್ತಿದ್ದ ಆಸ್ಟ್ರೇಲಿಯಾದ 19 ವರ್ಷದ ರಾಸ್ ಮಿಲ್ನ್ ಅವರು ಹಾದಿ ಬಿಟ್ಟು ಮರಕ್ಕೆ ಬಡಿದು ಮೃತಪಟ್ಟರು. ಕೆಳಗೆ ಹಾದಿಯಲ್ಲಿ ಜನರು ಗುಂಪುಗೂಡಿದ್ದರಿಂದ ಅವರು ವೇಗ ತಗ್ಗಿಸಲು ಯತ್ನಿಸಬೇಕಾಯಿತು ಎಂದು ಆಸ್ಟ್ರೇಲಿಯಾ ತಂಡದ ವ್ಯವಸ್ಥಾಪಕರು ತಿಳಿಸಿದರು. ಆದರೆ ಸಂಘಟನೆಯ ಕಡೆಯಿಂದ ಕೇಳಿಬಂದ ಮಾತು ಪಟುವಿನ ಅನನುಭವದ ಬಗ್ಗೆ. ಹಾದಿಯ ದೋಷವನ್ನು ಸತ್ತವನ ದೋಷವೆಂದು ಬರೆಯುವುದು ಸುಲಭ, ಆತ ಉತ್ತರಿಸಲಾರ. ರಾಸ್ ಅವರ ಸಹೋದರ ಮಾಲ್ಕಮ್ ಮಿಲ್ನ್ ಅವರು ಐದು ವರ್ಷಗಳ ನಂತರ, 1969ರಲ್ಲಿ, ಫ್ರಾನ್ಸಿನ ವಾಲ್ ದಿಸೇರ್‌ನಲ್ಲಿ ವಿಶ್ವಕಪ್ ಡೌನ್‌ಹಿಲ್ ಸ್ಪರ್ಧೆಯನ್ನು ಗೆದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ವೇಗ ಸ್ಕೀಯಿಂಗ್‌ನ ಅಂತಿಮ ಸುತ್ತಿನ ಬೆಳಿಗ್ಗೆ, ಸ್ವಿಟ್ಜರ್ಲೆಂಡಿನ ನಿಕೊಲಾ ಬೊಷಾಟೆ ಅವರು ಲೆಝಾರ್ಕ್‌ನಲ್ಲಿ ಸಾರ್ವಜನಿಕರ ಇಳಿಜಾರಿನಲ್ಲಿ ಮೈ ಬಿಸಿಮಾಡಿಕೊಳ್ಳುತ್ತಿದ್ದಾಗ ಹಿಮ ಸಮಗೊಳಿಸುವ ಯಂತ್ರವಾಹನಕ್ಕೆ ಡಿಕ್ಕಿ ಹೊಡೆದು ಮೃತಪಟ್ಟರು. ಸ್ಪರ್ಧೆಯ ಹಾದಿಯಲ್ಲಿ ಗಂಟೆಗೆ 200 ಕಿಲೋಮೀಟರ್ ಮೀರಿ ಸಾಗಿಯೂ ಸುರಕ್ಷಿತವಾಗಿ ಉಳಿಯುತ್ತಿದ್ದ ಪಟು, ಸಾಮಾನ್ಯ ಜನರ ಹಾದಿಯಲ್ಲಿ ಕೊನೆಗೊಂಡರು. ತೀರ ಇತ್ತೀಚೆಗೆ, 2015ರ ಡಿಸೆಂಬರ್ 22ರಂದು, ಇಟಲಿಯ ಮಡೋನಾ ಡಿ ಕಂಪಿಲ್ಯೊದಲ್ಲಿ ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ ಅವರು ಸ್ಲಾಲಮ್ ಸ್ಪರ್ಧೆಯಲ್ಲಿ ಇಳಿಯುತ್ತಿದ್ದಾಗ ಛಾಯಾಗ್ರಹಣದ ಡ್ರೋನ್ ಒಂದು ಅವರ ಬೆನ್ನ ಹಿಂದೆಯೇ ಕುಸಿದುಬಿತ್ತು. ಅಂದು ಯಾರಿಗೂ ಗಾಯವಾಗಲಿಲ್ಲ. ಆದರೂ ಒಕ್ಕೂಟವು ತನ್ನ ಸ್ಪರ್ಧೆಗಳಲ್ಲಿ ಅಂತಹ ಡ್ರೋನ್ ಬಳಕೆಯನ್ನು ಕೂಡಲೇ ನಿಷೇಧಿಸಿತು.

ಉಡುಪಿನ ರಕ್ಷಣೆ ಮತ್ತು ಅದರ ಮಿತಿ

ಇತ್ತೀಚಿನ ವರ್ಷಗಳಲ್ಲಿ ಸುಧಾರಣೆಯ ಒತ್ತು ಪಟುವಿನ ಉಡುಪಿನ ಕಡೆಗೆ ತಿರುಗಿದೆ. ಬೀಳುವುದನ್ನು ಸಂವೇದಕಗಳಿಂದ ಗ್ರಹಿಸಿ, ಕ್ಷಣಾರ್ಧದಲ್ಲಿ ಎದೆ, ಭುಜ, ಬೆನ್ನುಗಳ ಸುತ್ತ ಉಬ್ಬಿಕೊಳ್ಳುವ ಏರ್‌ಬ್ಯಾಗ್ ಅಂಗಿಯು 2024-25ರ ಋತುವಿನಿಂದ ವಿಶ್ವಕಪ್ ಮಟ್ಟದ ಡೌನ್‌ಹಿಲ್ ಹಾಗೂ ಸೂಪರ್-ಜಿ ಸ್ಪರ್ಧೆಗಳಲ್ಲಿ ಕಡ್ಡಾಯವಾಗಿದೆ. ಸ್ಕೀಯ ಹರಿತವಾದ ಉಕ್ಕಿನ ಅಂಚಿನಿಂದ ಆಗುವ ಗಾಯವನ್ನು ತಡೆಯುವ ಒಳಉಡುಪಿನ ಬಗ್ಗೆಯೂ ನಿಯಮ ಬಂದಿದೆ. 2024ರ ಜನವರಿಯಲ್ಲಿ ನಾರ್ವೆಯ ಅಲೆಕ್ಸಾಂಡರ್ ಓಮೊಟ್ ಕಿಲ್ಡೆ ಅವರು ವೆಂಗೆನ್‌ನಲ್ಲಿ, ಮೂರು ದಿನಗಳಲ್ಲಿ ಮೂರನೆಯ ವೇಗ ಸ್ಪರ್ಧೆಯ ಕೊನೆಯ ತಿರುವಿನಲ್ಲಿ, ಬಲೆಗೆ ಅಪ್ಪಳಿಸಿದಾಗ ಭುಜದ ಪೆಟ್ಟಿನ ಜೊತೆಗೆ ಮೀನಖಂಡವೂ ಆಳವಾಗಿ ಸೀಳಿತ್ತು. ಈ ನಿಯಮದ ಅಗತ್ಯವನ್ನು ಆ ಗಾಯವೇ ಹೇಳಿತು.

ಈ ಕ್ರಮಗಳು ಸ್ವಾಗತಾರ್ಹ. ಆದರೆ ಅವುಗಳಿಂದ ನಿರೀಕ್ಷಿಸಬಹುದಾದದ್ದು ಎಷ್ಟು ಎಂಬುದನ್ನೂ ತಿಳಿದಿರಬೇಕು. 2015ರ ಡಿಸೆಂಬರ್‌ನಲ್ಲಿ ವಾಲ್ ಗಾರ್ಡೆನಾದಲ್ಲಿ ಒಲಿಂಪಿಕ್ ಚಾಂಪಿಯನ್ ಮಥಿಯಾಸ್ ಮೇಯರ್ ಅವರು ಬಿದ್ದಾಗ, ವಿಶ್ವಕಪ್ ಸ್ಪರ್ಧೆಯೊಂದರಲ್ಲಿ ಮೊದಲ ಬಾರಿಗೆ ಏರ್‌ಬ್ಯಾಗ್ ಉಬ್ಬಿತು. ಆದರೂ ಅವರ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಕವಾನ್ಯು ಅವರಿಗೂ, ಫ್ರಾಂಜೋಸೊ ಅವರಿಗೂ ಪ್ರಾಣಾಂತಿಕವಾದದ್ದು ತಲೆಯ ಪೆಟ್ಟು. ಮರ, ಬೇಲಿ ಅಥವಾ ಎದುರಿಗಿರುವ ಮನುಷ್ಯನನ್ನು ಉಡುಪು ದೂರ ಸರಿಸಲಾರದು. ಉಡುಪಿನ ನಿಯಮ ಅಗ್ಗವೂ ಹೌದು: ಅದರ ಹೊಣೆ ಪಟುವಿನ ಮೈಮೇಲೆ ಬೀಳುತ್ತದೆ. ಹಾದಿಯನ್ನು ಸರಿಪಡಿಸುವ ಹೊಣೆ ಸಂಘಟಕರದ್ದು, ಅದಕ್ಕೆ ತಗಲುವ ವೆಚ್ಚವೂ ದೊಡ್ಡದು.

ಅಭ್ಯಾಸದ ಹಾದಿ ಏಕೆ ಹಿಂದುಳಿದಿದೆ

2017ರ ನವೆಂಬರ್ 13ರಂದು ಕೆನಡಾದ ನಾಕಿಸ್ಕಾದಲ್ಲಿ ಅಭ್ಯಾಸದಲ್ಲಿದ್ದ ಫ್ರಾನ್ಸಿನ ಡೇವಿಡ್ ಪ್ವಾಸೊನ್ ಅವರು ಬಲೆಗಳನ್ನು ದಾಟಿ ಮರಕ್ಕೆ ಬಡಿದು ಮೃತಪಟ್ಟರು. ಅವರು 2013ರ ವಿಶ್ವ ಚಾಂಪಿಯನ್‌ಷಿಪ್‌ನ ಡೌನ್‌ಹಿಲ್ ಕಂಚಿನ ಪದಕ ವಿಜೇತರು. ಎಂಟು ವರ್ಷಗಳ ತರುವಾಯ ಚಿಲಿಯಲ್ಲಿ ನಡೆದದ್ದು ಬಹುಮಟ್ಟಿಗೆ ಅದೇ ರೀತಿಯ ಅಪಘಾತ: ಬಲೆಯಿತ್ತು, ಆದರೆ ಸಾಲದಾಯಿತು; ಆಚೆ ಗಟ್ಟಿಯಾದ ವಸ್ತುವಿತ್ತು.

ಇದಕ್ಕೆ ಕಾರಣಗಳು ಗೂಢವಾಗಿಲ್ಲ. ವಿಶ್ವಕಪ್ ಸ್ಪರ್ಧೆಗಾಗಿ ಹಾದಿಯನ್ನು ಸಜ್ಜುಗೊಳಿಸಲು ನೂರಾರು ಜನರು ವಾರಗಟ್ಟಲೆ ದುಡಿಯುತ್ತಾರೆ. ಟಿಕೆಟ್, ಜಾಹೀರಾತು, ಪ್ರಸಾರ ಹಕ್ಕುಗಳ ಆದಾಯದಿಂದ ಆ ವೆಚ್ಚ ಭರಿಸಲ್ಪಡುತ್ತದೆ. ಅಭ್ಯಾಸದ ಹಾದಿಗೆ ಅಂತಹ ಆದಾಯವಿಲ್ಲ. ಯುರೋಪಿನಲ್ಲಿ ಬೇಸಿಗೆಯಿರುವಾಗ ತಂಡಗಳು ಭೂಮಿಯ ದಕ್ಷಿಣಾರ್ಧದ ಚಳಿಗಾಲವನ್ನು ಅರಸಿ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್‌ಗಳಿಗೆ ತೆರಳುತ್ತವೆ. ಶರತ್ಕಾಲದಲ್ಲಿ ಆಲ್ಪ್ಸ್‌ನ ಹಿಮನದಿಗಳನ್ನು ಆಶ್ರಯಿಸುತ್ತವೆ. ಪ್ರವಾಸಿಗಳಿಗೆ ತೆರೆಯುವ ಮುನ್ನ ಬೆಳಗಿನ ಕೆಲವು ಗಂಟೆಗಳ ಮಟ್ಟಿಗೆ ಇಳಿಜಾರನ್ನು ಬಾಡಿಗೆಗೆ ಪಡೆದು, ತಂಡದ ಸಿಬ್ಬಂದಿಯೇ ಬಲೆ ಕಟ್ಟಿ, ಅಭ್ಯಾಸ ಮುಗಿದೊಡನೆ ಬಿಚ್ಚುವುದೂ ಉಂಟು. ಆಲ್ಪ್ಸ್‌ನ ಹಿಮನದಿಗಳು ವರ್ಷದಿಂದ ವರ್ಷಕ್ಕೆ ಕರಗಿ ಕುಗ್ಗುತ್ತಿರುವುದರಿಂದ ಲಭ್ಯವಿರುವ ಕೆಲವೇ ಸ್ಥಳಗಳಲ್ಲಿ ತಂಡಗಳ ದಟ್ಟಣೆಯೂ ಹೆಚ್ಚುತ್ತದೆ. ದಟ್ಟಣೆ ಹೆಚ್ಚಿದಂತೆ 2001ರ ಪಿಟ್ಜ್‌ಟಾಲ್‌ನ ಪರಿಸ್ಥಿತಿ ಮರುಕಳಿಸುವ ಸಂಭವವೂ ಹೆಚ್ಚುತ್ತದೆ.

ಫ್ರಾಂಜೋಸೊ ಅವರ ನಿಧನಾನಂತರ ಅಭ್ಯಾಸಕ್ಕೆಂದೇ ಮೀಸಲಾದ, ಸ್ಪರ್ಧೆಯ ಹಾದಿಗಳಷ್ಟೇ ರಕ್ಷಣೆಯುಳ್ಳ ಇಳಿಜಾರುಗಳು ಬೇಕೆಂಬ ಬೇಡಿಕೆ ಇಟಲಿಯಿಂದ ಬಲವಾಗಿ ಕೇಳಿಬಂದಿತು. ಬೇಡಿಕೆ ನ್ಯಾಯವಾದದ್ದೇ. ಅಂತಹ ಕೆಲವು ಹಾದಿಗಳನ್ನು ದೇಶಗಳು ಒಟ್ಟುಗೂಡಿ ವೆಚ್ಚ ಹಂಚಿಕೊಂಡು ನಿರ್ವಹಿಸುವುದು ಕಾರ್ಯಸಾಧ್ಯವೆಂದು ತೋರುತ್ತದೆ. ಪ್ರತಿ ದೇಶವೂ ತನ್ನದೇ ಹಾದಿಯನ್ನು ಸಜ್ಜುಗೊಳಿಸಬೇಕೆಂಬ ನಿಯಮ ಬಂದಲ್ಲಿ ಶ್ರೀಮಂತ ಒಕ್ಕೂಟಗಳು ಮಾತ್ರ ಉಳಿದಾವು. ಆದರೆ ಹಣ ಹೆಚ್ಚು ಬೇಡದ ಕೆಲಸವೊಂದಿದೆ. ಒಂದು ಇಳಿಜಾರಿನಲ್ಲಿ ಎಷ್ಟೇ ತಂಡಗಳಿದ್ದರೂ ಪಟುವನ್ನು ಬಿಡುವ ಅಧಿಕಾರ ಒಬ್ಬರದ್ದೇ ಆಗಿರಬೇಕು, ಎಲ್ಲರೂ ಒಂದೇ ತರಂಗದಲ್ಲಿರಬೇಕು, ಹಾದಿ ದಾಟುವವರು ಆ ಒಬ್ಬರ ಅನುಮತಿ ಪಡೆದೇ ದಾಟಬೇಕು. ಇದಕ್ಕೆ ಬೇಕಾದುದು ಒಂದು ವೈರ್‌ಲೆಸ್ ಸೆಟ್ ಹಾಗೂ ಒಂದು ಒಪ್ಪಂದ ಮಾತ್ರ.

ತರಬೇತಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಭಾರತದಲ್ಲಿ ಜಮ್ಮು ಮತ್ತು ಕಾಶ್ಮೀರದ ಗುಲ್‌ಮಾರ್ಗ್ ಹಾಗೂ ಉತ್ತರಾಖಂಡದ ಔಲಿ ಪ್ರಮುಖ ಸ್ಕೀ ಕೇಂದ್ರಗಳು. 2022ರ ಬೀಜಿಂಗ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವನ್ನು ಪ್ರತಿನಿಧಿಸಿದ ಏಕೈಕ ಪಟು ಆರಿಫ್ ಖಾನ್ ಅವರು ಗುಲ್‌ಮಾರ್ಗ್‌ನ ಇಳಿಜಾರುಗಳಲ್ಲಿಯೇ ಸ್ಕೀ ಕಲಿತವರು. ಗುಲ್‌ಮಾರ್ಗ್‌ನಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆಯ ತರಬೇತಿ ಶಿಬಿರಗಳಿಗೆ ದೇಶದ ಎಲ್ಲ ಭಾಗಗಳಿಂದ ಅಭ್ಯರ್ಥಿಗಳು ಸೇರುತ್ತಾರೆ. ಇಲ್ಲಿ ಯಾರೂ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಇಳಿಯುವುದಿಲ್ಲವೆಂಬುದು ನಿಜ. ಆದರೆ ಕಲಿಯುವವರು, ಪ್ರವಾಸಿಗಳು, ಸ್ಲೆಡ್ಜ್ ಎಳೆಯುವವರು, ನಡೆದಾಡುವವರು ಎಲ್ಲರೂ ಒಂದೇ ಇಳಿಜಾರಿನಲ್ಲಿ ಬೆರೆಯುವ ಸಂದರ್ಭಗಳಿರುವುದರಿಂದ ಡಿಕ್ಕಿಯ ಅಪಾಯ ಇಲ್ಲಿಯೂ ಇದೆ.

ಸಾಮಾನ್ಯ ಸ್ಕೀಗಾರರಿಗಾಗಿ ಅಂತರರಾಷ್ಟ್ರೀಯ ಒಕ್ಕೂಟವು ಹತ್ತು ನಡವಳಿಕೆಯ ನಿಯಮಗಳನ್ನು ಪ್ರಕಟಿಸಿದೆ. ಮೇಲಿನಿಂದ ಬರುವವರು ಕೆಳಗಿರುವವರಿಗೆ ಅಪಾಯವಾಗದಂತೆ ತಮ್ಮ ಹಾದಿಯನ್ನು ಆರಿಸಿಕೊಳ್ಳತಕ್ಕದ್ದು. ಇಳಿಜಾರನ್ನು ಪ್ರವೇಶಿಸುವವರು ಅಥವಾ ನಿಂತು ಮತ್ತೆ ಹೊರಡುವವರು ಮೇಲೆ ಕೆಳಗೆ ಎರಡೂ ಕಡೆ ನೋಡತಕ್ಕದ್ದು. ಇಕ್ಕಟ್ಟಾದ ಅಥವಾ ಮರೆಯಾದ ಸ್ಥಳದಲ್ಲಿ ನಿಲ್ಲಕೂಡದು, ಬಿದ್ದಲ್ಲಿ ಬೇಗನೆ ಅಲ್ಲಿಂದ ಸರಿಯಬೇಕು. ಕಾಲ್ನಡಿಗೆಯಲ್ಲಿ ಏರುವವರು, ಇಳಿಯುವವರು ಅಂಚಿನಲ್ಲಿಯೇ ಸಾಗತಕ್ಕದ್ದು. ಅಪಘಾತವಾದಾಗ ನೆರವು ನೀಡುವುದು ಎಲ್ಲರ ಕರ್ತವ್ಯ. ಇವುಗಳಲ್ಲಿ ಮೊದಲು ಹೇಳಿದ್ದೇ ಮುಖ್ಯವಾದದ್ದು, ಏಕೆಂದರೆ ಮುಂದಿರುವವರಿಗೆ ಬೆನ್ನಹಿಂದೆ ಕಣ್ಣಿರುವುದಿಲ್ಲ.

ಶಿಬಿರಕ್ಕೆ ಅರ್ಜಿ ಸಲ್ಲಿಸುವವರು ಶುಲ್ಕ, ವಸತಿ, ಪ್ರಮಾಣಪತ್ರಗಳ ವಿವರದೊಂದಿಗೆ ಇನ್ನೂ ಕೆಲವು ಸಂಗತಿಗಳನ್ನು ಆಯೋಜಕರಿಂದ ಲಿಖಿತವಾಗಿ ಕೇಳಿ ಪಡೆಯುವುದು ಸೂಕ್ತ: ಅಭ್ಯಾಸದ ವೇಳೆಯಲ್ಲಿ ಇಳಿಜಾರು ಇತರರಿಗೆ ಮುಚ್ಚಿರುತ್ತದೆಯೇ, ಮುಚ್ಚದಿದ್ದಲ್ಲಿ ಮೇಲೆ ಮತ್ತು ಕೆಳಗೆ ಸಂಕೇತ ನೀಡುವವರು ಯಾರು, ಹಿಮ ಸಮಗೊಳಿಸುವ ವಾಹನಗಳು ಯಾವ ಹೊತ್ತಿನಲ್ಲಿ ಸಂಚರಿಸುತ್ತವೆ, ಹೆಲ್ಮೆಟ್ ಒದಗಿಸಲಾಗುತ್ತದೆಯೇ, ಗಾಯಾಳುವನ್ನು ಕೆಳಗೆ ತರುವ ವ್ಯವಸ್ಥೆ ಏನು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ವಿಮೆಯ ವ್ಯಾಪ್ತಿಗೆ ಅಭ್ಯಾಸದ ಅವಧಿಯೂ ಒಳಪಡುತ್ತದೆಯೇ. ಅಭ್ಯರ್ಥಿಯು 18 ವರ್ಷದೊಳಗಿನವರಾಗಿದ್ದಲ್ಲಿ ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಈ ಉತ್ತರಗಳನ್ನು ಪಡೆದಿರಬೇಕು.